ದಾವಣಗೆರೆಯಲ್ಲಿ ಚೆನ್ನಾಗಿ ಓಡುವವರು ಕರಾವಳಿಯ ದಾರಿಯಲ್ಲಿ ಏಕೆ ನಿಂತರು?

ಪ್ರಶ್ನೆ: ನಾವು ದಾವಣಗೆರೆಯ ಹದಿನಾಲ್ಕು ಮಂದಿಯ ಓಟಗಾರರ ಬಳಗ. ನಾಲ್ಕು ವರ್ಷಗಳಿಂದ ಕುಂದುವಾಡ ಕೆರೆಯ ಏರಿಯ ಮೇಲೆ ಮತ್ತು ಗಾಜಿನಮನೆಯ ಸುತ್ತಲ ರಸ್ತೆಗಳಲ್ಲಿ ವಾರಕ್ಕೆ ಐದು ದಿನ ಓಡುತ್ತೇವೆ. ನಮ್ಮಲ್ಲಿ ಅತಿ ವೇಗದವರು ಹಾಫ್ ಮ್ಯಾರಥಾನನ್ನು (21 ಕಿ.ಮೀ.) 1 ಗಂಟೆ 48 ನಿಮಿಷದಲ್ಲಿ ಮುಗಿಸಿದ್ದಾರೆ. ಕಳೆದ ಫೆಬ್ರವರಿಯಲ್ಲಿ, ಹುಣ್ಣಿಮೆಯ ಮರುದಿನ, ಗೋಕರ್ಣದ ಕಡೆ ನಡೆದ 30 ಕಿ.ಮೀ. ಟ್ರೇಲ್ ಓಟಕ್ಕೆ, ಅಂದರೆ ರಸ್ತೆ ಬಿಟ್ಟು ಕಾಲುದಾರಿಯಲ್ಲಿ ಓಡುವ ಸ್ಪರ್ಧೆಗೆ, ಹೋಗಿದ್ದೆವು. ಒಟ್ಟು ಏರು 900 ಮೀಟರ್, ಗಡುವು ಆರೂವರೆ ಗಂಟೆ. ಹದಿನಾಲ್ವರಲ್ಲಿ ಆರು ಮಂದಿಯಷ್ಟೇ ಮುಗಿಸಿದರು. ಅವರಲ್ಲಿ ಇಬ್ಬರು, ರಸ್ತೆಯಲ್ಲಿ ಸದಾ ನಮ್ಮ ಹಿಂದೆಯೇ ಉಳಿಯುವ ಮಹಿಳೆಯರು. ಅತಿ ವೇಗದ ಗೆಳೆಯ 19ನೇ ಕಿ.ಮೀ.ನಲ್ಲಿ ಮೀನಖಂಡ ಹಿಡಿದು, ವಾಂತಿ ಮಾಡಿ, ತಲೆ ಸಿಡಿಯುತ್ತಿದೆ ಎಂದು ಕುಳಿತುಬಿಟ್ಟರು. ಪ್ರತಿ ನೀರಿನ ಠಾಣೆಯಲ್ಲೂ ಅವರು ಹೊಟ್ಟೆ ತುಂಬ ನೀರು ಕುಡಿದಿದ್ದರು. ನಮ್ಮ ತಪ್ಪೇನು? ಸಮುದ್ರವಿಲ್ಲದ ಊರಿನಲ್ಲಿದ್ದು ಇದಕ್ಕೆ ತಯಾರಾಗುವುದು ಸಾಧ್ಯವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಳಗದವರ ಕಾಲಿನ ಶಕ್ತಿಯಲ್ಲಾಗಲಿ, ನಾಲ್ಕು ವರ್ಷಗಳ ಅಭ್ಯಾಸದಲ್ಲಾಗಲಿ ನನಗೆ ದೊಡ್ಡ ಕೊರತೆ ಕಾಣಲಿಲ್ಲ. ಕೊರತೆಯಿದ್ದದ್ದು ಲೆಕ್ಕದಲ್ಲಿ. ನೀವು ಬಯಲುಸೀಮೆಯ ಗಡಿಯಾರವನ್ನು ಕೈಗೆ ಕಟ್ಟಿಕೊಂಡು ಕರಾವಳಿಯ ದಾರಿಯನ್ನು ಓಡಿದಿರಿ. 30 ಕಿ.ಮೀ. ಎಂಬ ಸಂಖ್ಯೆಯನ್ನು ಕಂಡೊಡನೆ ಅದನ್ನು ಹಾಫ್ ಮ್ಯಾರಥಾನಿಗಿಂತ ಒಂಬತ್ತು ಕಿ.ಮೀ. ಮಾತ್ರ ಹೆಚ್ಚಿನ ಓಟವೆಂದು ಭಾವಿಸಿದಿರಿ. ದೇಹವಾದರೋ ದೂರಕ್ಕೆ ಬೆಲೆ ಕಟ್ಟುವುದಿಲ್ಲ, ದುಡಿಮೆಗೆ ಕಟ್ಟುತ್ತದೆ. ಆ ದುಡಿಮೆ ಎಷ್ಟಿತ್ತೆಂಬುದನ್ನು ಮೊದಲು ಲೆಕ್ಕ ಹಾಕೋಣ.

ಏರಿನಿಂದ ಆರಂಭಿಸುತ್ತೇನೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟ ಹತ್ತುವವರಿಗಾಗಿ ಒಂದು ಸರಳ ಸೂತ್ರವನ್ನು ಕೊಟ್ಟರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನು ಬಿಡಿಸಿ ನೋಡಿದರೆ ಒಂದು ಅಡಿ ಏರು ಸಮತಟ್ಟಾದ ನೆಲದ ಸುಮಾರು ಎಂಟು ಅಡಿಗೆ ಸಮವೆಂದಾಗುತ್ತದೆ, ಮತ್ತು ಬೆಟ್ಟದ ಓಟಗಾರರಿಗೂ ಈ ಒಂದಕ್ಕೆ ಎಂಟರ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ಹಾಗಿದ್ದಲ್ಲಿ ನಿಮ್ಮ 900 ಮೀಟರ್ ಏರು 7.2 ಕಿ.ಮೀ. ಸಮತಟ್ಟು ಓಟಕ್ಕೆ ಸಮ. ಇನ್ನು ಮರಳು. ಮರಳಿನ ಮೇಲೆ ಓಡುವುದಕ್ಕೆ ಗಟ್ಟಿ ನೆಲದ ಮೇಲಿನ ಓಟಕ್ಕಿಂತ 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಪ್ರಕಟವಾದ ಪ್ರಯೋಗವೊಂದು ಅಳೆದು ತೋರಿಸಿದೆ. ಪಾದ ಊರಿದಾಗ ಮರಳು ಸರಿದು ನಾವು ಹಾಕಿದ ಬಲದ ಒಂದು ಪಾಲನ್ನು ನುಂಗುತ್ತದೆ, ಮೀನಖಂಡದ ಸ್ನಾಯುವೂ ಹಿಮ್ಮಡಿಯ ಸ್ನಾಯುರಜ್ಜುವೂ ಸ್ಪ್ರಿಂಗಿನಂತೆ ಮರಳಿ ಕೊಡಬೇಕಾದ ಚಿಮ್ಮು ದೊರೆಯುವುದಿಲ್ಲ. ನಿಮ್ಮ ದಾರಿಯಲ್ಲಿ ಮೆತ್ತನೆಯ ಮರಳು ಆರು ಕಿ.ಮೀ. ಇತ್ತೆಂದು ಇಟ್ಟುಕೊಂಡರೂ ಅದರಿಂದ 3.6 ಕಿ.ಮೀ. ಹೆಚ್ಚಾಯಿತು. ಎಲ್ಲವನ್ನೂ ಕೂಡಿದರೆ 30 ಎಂದು ಬರೆದಿದ್ದ ಓಟ ದೇಹದ ಪುಸ್ತಕದಲ್ಲಿ ಹತ್ತಿರಹತ್ತಿರ 41 ಕಿ.ಮೀ. ಆಗುತ್ತದೆ. ಇದು ಹೆಚ್ಚುಕಡಿಮೆ ಪೂರ್ಣ ಮ್ಯಾರಥಾನಿನ (42 ಕಿ.ಮೀ.) ದುಡಿಮೆ. ಬಂಡೆಗಳ ಮೇಲೆ ನೋಡಿ ನೋಡಿ ಹೆಜ್ಜೆಯಿಡುವುದರಿಂದ ಕಳೆದುಹೋಗುವ ಹೊತ್ತನ್ನೂ ಸೆಕೆಯನ್ನೂ ಇದರಲ್ಲಿ ನಾನಿನ್ನೂ ಸೇರಿಸಿಲ್ಲ.

ಹಾಫ್ ಮ್ಯಾರಥಾನ್ 1 ಗಂಟೆ 48 ನಿಮಿಷಕ್ಕೆ ಮುಗಿಸುವವರು ಸಮತಟ್ಟಾದ ರಸ್ತೆಯಲ್ಲಿ ಪೂರ್ಣ ಮ್ಯಾರಥಾನಿಗೆ ಮೂರು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ಸಮಯವನ್ನು ಎರಡರಿಂದ ಗುಣಿಸಿ ಹತ್ತು ನಿಮಿಷ ಕೂಡಿಸುವುದು ಓಟಗಾರರೆಲ್ಲ ಬಲ್ಲ ರೂಢಿಯ ಲೆಕ್ಕ. ಬಂಡೆ ಮತ್ತು ಸೆಕೆಗೆಂದು ಇನ್ನೊಂದು ಒಂದೂಕಾಲು ಗಂಟೆ ಸೇರಿಸಿದರೆ ನಿಮ್ಮ ಗೆಳೆಯರು ಐದು ಗಂಟೆಯ ಓಟಕ್ಕೆ ಸಿದ್ಧರಾಗಬೇಕಿತ್ತು. ಐದು ಗಂಟೆಯನ್ನು 30ಕ್ಕೆ ಹಂಚಿದರೆ ಕಿ.ಮೀ. ಒಂದಕ್ಕೆ ಹತ್ತು ನಿಮಿಷ. ನೀವು ಪತ್ರದ ಜೊತೆ ಕಳಿಸಿದ ಕೈಗಡಿಯಾರದ ದಾಖಲೆಯ ಪ್ರಕಾರ ಅವರು ಮೊದಲ ಎಂಟು ಕಿ.ಮೀ.ಗಳನ್ನು ಓಡಿದ್ದು ಕಿ.ಮೀ. ಒಂದಕ್ಕೆ ಸರಾಸರಿ 5 ನಿಮಿಷ 40 ಸೆಕೆಂಡಿನ ಪೇಸಿನಲ್ಲಿ! ಅದೇ ದಾಖಲೆಯಲ್ಲಿ ಆ ಇಬ್ಬರು ಮಹಿಳೆಯರು ಮೊದಲ ಏರಿನಿಂದಲೇ ನಡೆಯತೊಡಗಿದ್ದಾರೆ, ಇಳಿಜಾರಿನಲ್ಲಿ ಮತ್ತು ಒದ್ದೆ ಮರಳಿನಲ್ಲಿ ಮಾತ್ರ ಓಡಿದ್ದಾರೆ, ಮತ್ತು 6 ಗಂಟೆ 10 ನಿಮಿಷಕ್ಕೆ, ಅಂದರೆ ಗಡುವಿಗೆ ಇಪ್ಪತ್ತು ನಿಮಿಷ ಮೊದಲೇ, ಮುಗಿಸಿದ್ದಾರೆ. ಕಡಿದಾದ ಏರಿನಲ್ಲಿ ಚುರುಕಾಗಿ ನಡೆಯುವುದು ನಿಧಾನವಾಗಿ ಓಡುವುದಕ್ಕಿಂತ ಅಗ್ಗ ಎಂಬುದು ಬೆಟ್ಟದ ಓಟಗಾರರಿಗೆ ಅನುಭವದಿಂದಲೂ ಶರೀರಶಾಸ್ತ್ರಜ್ಞರಿಗೆ ಅಳತೆಯಿಂದಲೂ ಗೊತ್ತಿರುವ ಸಂಗತಿ. ರಸ್ತೆ ಓಟಗಾರರಿಗೆ ಮಾತ್ರ ನಡೆಯುವುದೆಂದರೆ ಮರ್ಯಾದೆಯ ಪ್ರಶ್ನೆ.

ಎರಡನೆಯ ವಿಷಯ ಗಾಳಿ, ಮತ್ತು ಇದೇ ಹೆಚ್ಚು ಮುಖ್ಯವಾದದ್ದು. ಬೆಳಗಿನ ಓಟ ಮುಗಿಸಿ ಬನಿಯನ್ನನ್ನು ಹಿಂಡಿ ತಂತಿಯ ಮೇಲೆ ಹಾಕಿದರೆ ನಮ್ಮ ದಾವಣಗೆರೆಯಲ್ಲಿ ನೀವು ಹೋಟೆಲಿಗೆ ಹೋಗಿ ಬೆಣ್ಣೆದೋಸೆ ತಿಂದು ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಗೋಕರ್ಣದ ಕೊಠಡಿಯಲ್ಲಿ ರಾತ್ರಿ ಒಣಹಾಕಿದ ಬನಿಯನ್ ಬೆಳಗ್ಗೆ ಮುಟ್ಟಿದರೂ ತಣ್ಣಗೆ ಒದ್ದೆಯಾಗಿಯೇ ಇರುತ್ತದೆ. ನಿಮ್ಮ ಚರ್ಮದ ಮೇಲಿನ ಬೆವರಿನ ಗತಿಯೂ ಇದೇ. 65 ಕಿಲೋ ತೂಕದ ಓಟಗಾರ ಸಮತಟ್ಟಿನಲ್ಲಿ ಕಿ.ಮೀ.ಗೆ ಸುಮಾರು 65 ಕಿಲೋಕ್ಯಾಲರಿ ವ್ಯಯಿಸುತ್ತಾನೆ. ಅದರ ಮುಕ್ಕಾಲು ಪಾಲಾದರೂ ಶಾಖವಾಗಿ ಹೊರಹೋಗಬೇಕು. ಗಂಟೆಗೆ ಹತ್ತೂವರೆ ಕಿ.ಮೀ. ವೇಗದಲ್ಲಿ ಅದು 500 ಕಿಲೋಕ್ಯಾಲರಿಗೂ ಮಿಕ್ಕುತ್ತದೆ, ಮರಳಿನಲ್ಲಿ ಇನ್ನೂ ಹೆಚ್ಚು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ, ಆದರೆ ಅದು ಆವಿಯಾಗಬೇಕು. ಗಾಳಿ ತೇವದಿಂದ ತುಂಬಿದ್ದಾಗ ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ, ಹಾಗೆ ಬಿದ್ದ ಬೆವರು ಏನನ್ನೂ ತಂಪು ಮಾಡದೆ ನೀರನ್ನೂ ಉಪ್ಪನ್ನೂ ಕಳೆದು ಹೋಗುತ್ತದೆ. ಮೋಸವೆಂದರೆ ಬೆಳಗ್ಗೆ ಆರಕ್ಕೆ ಎರಡೂ ಕಡೆ ಹವೆ ಹಿತವೆನಿಸುವುದು. ಬಿಸಿಲೇರಿದಂತೆ ನಮ್ಮಲ್ಲಿ ಗಾಳಿ ಒಣಗುತ್ತ ಹೋಗುತ್ತದೆ, ಕರಾವಳಿಯಲ್ಲಿ ಅಷ್ಟಾಗಿ ಒಣಗುವುದಿಲ್ಲ. ಘಟ್ಟದ ಕಡೆಯಿಂದ ಬೀಸುವ ಮುಂಜಾನೆಯ ನೆಲಗಾಳಿ ನಿಂತು ಕಡಲಗಾಳಿ ಇನ್ನೂ ಎದ್ದಿರದ ನಡುವಿನ ಹೊತ್ತು ಅತ್ಯಂತ ಕಷ್ಟದ್ದು. ನಿಮ್ಮ ಗೆಳೆಯರು ಕುಸಿದದ್ದು ಅಂಥ ಹೊತ್ತಿನಲ್ಲೇ, ಅದೂ ಗುಡ್ಡದ ಒಳಮಗ್ಗುಲಿನಲ್ಲಿ.

ಈಗ ಆ ಗೆಳೆಯರ ವಿಚಾರ. ಪತ್ರದ ಮೂಲಕ ರೋಗ ನಿರ್ಣಯ ಮಾಡುವುದು ತಪ್ಪು, ನಾನು ಮಾಡುವುದೂ ಇಲ್ಲ. ಆದರೆ ನೀವು ಬರೆದ ಒಂದು ಸಣ್ಣ ವಿವರ ನನ್ನನ್ನು ತಡೆದು ನಿಲ್ಲಿಸಿತು. ಅವರ ಉಂಗುರ ಬೆರಳಿಗೆ ಕಚ್ಚಿಕೊಂಡು, ಸೋಪು ಹಚ್ಚಿ ತೆಗೆಯಬೇಕಾಯಿತು ಎಂದಿದ್ದೀರಿ. ದೇಹ ನೀರಿಲ್ಲದೆ ಒಣಗಿದ್ದರೆ ಬೆರಳು ಊದಿಕೊಳ್ಳುವ ಕಾರಣವಿಲ್ಲ. ವಾಂತಿ, ತಲೆಸಿಡಿತ, ಊದಿದ ಬೆರಳು, ಹೊಟ್ಟೆಯಲ್ಲಿ ಕುಲುಕುವ ನೀರು ಒಟ್ಟಿಗೆ ಕಂಡಾಗ ರಕ್ತದಲ್ಲಿ ಸೋಡಿಯಂ ಇಳಿದಿರಬಹುದೆಂದು, ಅಂದರೆ ಲೀಟರಿಗೆ 135 ಮಿಲಿಮೋಲಿಗಿಂತ ಕೆಳಗೆ ಹೋಗಿರಬಹುದೆಂದು, ಅನುಮಾನಿಸಬೇಕು. ಇದು ಅಪರೂಪದ ಸಂಗತಿಯಲ್ಲ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಈ ಮಟ್ಟದಲ್ಲಿತ್ತು ಅಥವಾ ಇದಕ್ಕಿಂತ ಕೆಳಗಿತ್ತು, ಮತ್ತು ಅದಕ್ಕೆ ಬಲವಾಗಿ ತಳುಕು ಹಾಕಿಕೊಂಡಿದ್ದ ಸಂಗತಿ ಓಟದ ಅವಧಿಯಲ್ಲಿ ಏರಿದ ತೂಕ. ಬೆವರಿನಲ್ಲಿ ಹೋದದ್ದಕ್ಕಿಂತ ಹೆಚ್ಚು ನೀರು ಕುಡಿದರೆ, ಮತ್ತು ಶ್ರಮದ ಒತ್ತಡದಲ್ಲಿ ಮೂತ್ರಪಿಂಡ ಆ ಹೆಚ್ಚುವರಿ ನೀರನ್ನು ಹೊರಹಾಕದಿದ್ದರೆ, ರಕ್ತ ತೆಳುವಾಗಿ ಮಿದುಳಿನ ಜೀವಕೋಶಗಳು ಊದಿಕೊಳ್ಳುತ್ತವೆ. ಇಂಥ ಸ್ಥಿತಿಯಲ್ಲಿರುವವರಿಗೆ ‘ಪಾಪ, ಸುಸ್ತಾಗಿದೆ’ ಎಂದು ಇನ್ನೊಂದು ಬಾಟಲಿ ನೀರು ಕುಡಿಸುವುದು ಅಪಾಯಕಾರಿ. ನೀವೆಲ್ಲರೂ ಪ್ರೀತಿಯಿಂದ ಮಾಡಿದ್ದು ಅದನ್ನೇ ಎಂಬುದು ಪತ್ರದಿಂದ ತಿಳಿಯಿತು. ಅವರು ಚೇತರಿಸಿಕೊಂಡದ್ದು ಅದೃಷ್ಟ. ಮುಂದೆ ಎಂದಾದರೂ ಇಂಥವರು ತೊದಲತೊಡಗಿದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ, ಅಥವಾ ಮೂರ್ಛೆಯ ಸೂಚನೆ ಕಂಡರೆ ಬಾಯಿಗೆ ಏನನ್ನೂ ಹಾಕದೆ ವೈದ್ಯರ ಬಳಿಗೆ ಒಯ್ಯಬೇಕು ಮತ್ತು ‘ತುಂಬ ನೀರು ಕುಡಿದಿದ್ದಾರೆ’ ಎಂಬ ಮಾತನ್ನು ಮೊದಲು ಹೇಳಬೇಕು. ಇಲ್ಲವಾದರೆ ವಾಡಿಕೆಯ ಸಲೈನ್ ಬಾಟಲಿಗಳನ್ನು ಒಂದರ ಮೇಲೊಂದು ಏರಿಸುವ ಸಂಭವವಿದೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಪಾಯವೂ ಇದೆ, ಮತ್ತು ಎರಡೂ ಹೊರನೋಟಕ್ಕೆ ಒಂದೇ ರೀತಿ ಕಾಣಬಹುದು. ಮೈ ಕೆಂಡದಂತೆ ಸುಡುತ್ತಿದ್ದು, ಒಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ, ಮಾತು ಅಸಂಬದ್ಧವಾದರೆ ಅದು ಉಷ್ಣಾಘಾತ. ಅಲ್ಲಿ ನಿಯಮ ಒಂದೇ: ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ತಣ್ಣೀರಿನ ತೊಟ್ಟಿಯಿದ್ದರೆ ಕುತ್ತಿಗೆಯವರೆಗೆ ಕೂರಿಸಬೇಕು, ಇಲ್ಲದಿದ್ದರೆ ಮಂಜುಗಡ್ಡೆ ನೀರಿನಲ್ಲಿ ಅದ್ದಿದ ಟವೆಲುಗಳನ್ನು ಮೈತುಂಬ ಹೊದಿಸಿ ಬದಲಾಯಿಸುತ್ತಲೇ ಇರಬೇಕು. ಮೊದಲ ಅರ್ಧ ಗಂಟೆಯಲ್ಲಿ ಉಷ್ಣತೆ ಇಳಿಯದಿದ್ದರೆ ಅಂಗಾಂಗಗಳಿಗೆ ಹಾನಿಯಾಗುತ್ತದೆ.

ಹಾಗಾದರೆ ಎಷ್ಟು ಕುಡಿಯಬೇಕು? ಬಾಯಾರಿಕೆಯಾದಾಗ, ಬಾಯಾರಿಕೆ ತಣಿಯುವಷ್ಟು. ಇದಕ್ಕೊಂದು ಮನೆಯ ಪರೀಕ್ಷೆಯಿದೆ. ಓಟಕ್ಕೆ ಮುನ್ನ ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಿ, ಒಂದು ಗಂಟೆ ಏನನ್ನೂ ಕುಡಿಯದೆ ಓಡಿ ಬಂದು ಮೈಯೊರೆಸಿಕೊಂಡು ಮತ್ತೆ ನೋಡಿ. ಇಳಿದ ಪ್ರತಿ ಕಿಲೋ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಆ ಗಂಟೆಯ ಲೆಕ್ಕವನ್ನು ಮೀರಿ ಎಂದೂ ಕುಡಿಯಬಾರದು, ಸ್ವಲ್ಪ ಕಡಿಮೆ ಕುಡಿದರೆ ಚಿಂತೆಯಿಲ್ಲ. ಓಟದ ಕೊನೆಯಲ್ಲಿ ತೂಕ ಹೆಚ್ಚಿದ್ದರೆ ಅತಿಯಾಗಿ ಕುಡಿದಿರೆಂದೇ ಅರ್ಥ. ನೀರಿನ ಬದಲು ಒಆರ್‌ಎಸ್ ಕುಡಿಯಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಒಂದು ಲೀಟರಿಗೆ ಕಲಸುವ 20.5 ಗ್ರಾಂ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಭೇದಿಗೆ ಅದು ದಿವ್ಯೌಷಧ, ಆದರೆ ಐದು ಗಂಟೆಯ ಓಟಕ್ಕೆ ಬೇಕಾದ ಸಕ್ಕರೆ ಅದರಲ್ಲಿಲ್ಲ, ಮತ್ತು ಲೀಟರುಗಟ್ಟಲೆ ಕುಡಿದರೆ ಸೋಡಿಯಂ ಇಳಿಯುವುದನ್ನು ಅದೂ ತಡೆಯಲಾರದು.

ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣು ಮತ್ತು ಎರಡು ಅಚ್ಚು ಬೆಲ್ಲದ ಚೂರು ತಿಂದರೆ ಗಂಟೆಯ ಪಾಲು ಹೆಚ್ಚುಕಡಿಮೆ ಮುಗಿಯುತ್ತದೆ. ಹಿಂದಿನ ರಾತ್ರಿಯ ಊಟಕ್ಕೆ ನಮ್ಮೂರಿನ ಮಂಡಕ್ಕಿ ಬಹಳ ಒಳ್ಳೆಯದು, ಅದರ ಜೊತೆಗಾರ ಮೆಣಸಿನಕಾಯಿಯನ್ನು ಮಾತ್ರ ಆ ಒಂದು ರಾತ್ರಿ ದೂರವಿಡಿ. ನೋವಿನ ಮಾತ್ರೆ ನುಂಗಿ ಓಟಕ್ಕೆ ನಿಂತವರೂ ನಿಮ್ಮಲ್ಲಿ ಇದ್ದರಂತೆ. ಐಬುಪ್ರೊಫೇನ್ ಬಗೆಯ ಮಾತ್ರೆಗಳು ದೀರ್ಘ ಓಟದಲ್ಲಿ ಮೂತ್ರಪಿಂಡಕ್ಕೆ ಹೊರೆ ಮತ್ತು ಸೋಡಿಯಂ ಇಳಿಯುವ ಅಪಾಯಕ್ಕೆ ನೆರವು. ಅದನ್ನು ಸಂಪೂರ್ಣ ನಿಲ್ಲಿಸಬೇಕು.

ಮೀನಖಂಡ ಹಿಡಿದದ್ದಕ್ಕೆ ಉಪ್ಪಿನ ಕೊರತೆಯೇ ಕಾರಣವೆಂದು ನೀವು ಬರೆದಿದ್ದೀರಿ. ಎಲ್ಲರೂ ಹಾಗೆಯೇ ಹೇಳುತ್ತಾರೆ, ಆದರೆ ಅಭ್ಯಾಸವಿಲ್ಲದಷ್ಟು ದುಡಿಸಿದ ಸ್ನಾಯುವಿನ ನರನಿಯಂತ್ರಣ ತಪ್ಪುವುದೇ ಹೆಚ್ಚಿನ ಸಂದರ್ಭಗಳಲ್ಲಿ ಮೂಲ ಕಾರಣವೆಂದು ಈಚಿನ ಅಧ್ಯಯನಗಳು ಸೂಚಿಸುತ್ತವೆ. ದೇಹದ ಉಪ್ಪೆಲ್ಲ ಕಡಿಮೆಯಾಗಿದ್ದರೆ ಮೈಯೆಲ್ಲ ಹಿಡಿಯಬೇಕಿತ್ತು, ಮರಳಿನಲ್ಲಿ ಅತಿಯಾಗಿ ದುಡಿದ ಮೀನಖಂಡವೊಂದೇ ಏಕೆ ಹಿಡಿಯಿತು ಎಂದು ಯೋಚಿಸಿ. ಹಿಡಿದಾಗ ನಿಂತು, ಹಿಮ್ಮಡಿಯೂರಿ ನಿಧಾನವಾಗಿ ಎಳೆಯುವುದೇ ಮದ್ದು.

ಕಡಲಿನ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಬಯಲಿನವರಿಗೆ ಇದು ಹೊಳೆಯುವುದೇ ಇಲ್ಲ. ‘ಹೋಗುವಾಗ ಗಟ್ಟಿ ಮರಳಿತ್ತು, ಹನ್ನೊಂದರ ಹೊತ್ತಿಗೆ ನೀರು ಬಂಡೆಯ ಬುಡಕ್ಕೇ ಬಂದಿತ್ತು’ ಎಂದು ನೀವು ಅಚ್ಚರಿಪಟ್ಟಿದ್ದೀರಿ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಅಂತರವಿರುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಎರಡೂ ಅತಿ ಹೆಚ್ಚಾಗಿರುತ್ತವೆ, ಮತ್ತು ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಅಲೆ ಈಗಷ್ಟೇ ಬಿಟ್ಟುಹೋದ ಒದ್ದೆ ಮರಳು ಹೆಚ್ಚುಕಡಿಮೆ ಮಣ್ಣುದಾರಿಯಷ್ಟು ಗಟ್ಟಿ. ಅದು ಮುಳುಗಿದರೆ ಮೇಲಿನ ಸಡಿಲ ಮರಳೇ ಗತಿ. ವೇಗದವರೂ ನಿಧಾನದವರೂ ಓಡಿದ್ದು ಒಂದೇ ದಾರಿಯಾದರೂ ಒಂದೇ ನೆಲವಲ್ಲ, ತಡವಾಗಿ ಬಂದವರಿಗೆ ನೆಲ ಇನ್ನೂ ಕಷ್ಟದ್ದಾಗಿತ್ತು. ಆ ಇಬ್ಬರು ಮಹಿಳೆಯರ ಓಟದ ಬಗ್ಗೆ ನನ್ನ ಗೌರವ ಹೆಚ್ಚಲು ಇದೂ ಒಂದು ಕಾರಣ. ಸಾಗರದ ಮಾಹಿತಿ ನೀಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಹೈದರಾಬಾದಿನ ಇನ್‌ಕಾಯಿಸ್ ಉಬ್ಬರವಿಳಿತದ ಮುನ್ಸೂಚನೆಯನ್ನು ಪ್ರಕಟಿಸುತ್ತದೆ, ಹೆಸರು ನೋಂದಾಯಿಸುವ ಮೊದಲೇ ಅದನ್ನು ನೋಡಿಕೊಳ್ಳಬಹುದು.

ಇನ್ನು ತಯಾರಿ. ಸಮುದ್ರವಿಲ್ಲವೆಂಬ ಕೊರಗು ಬೇಡ, ಅರವತ್ತು ಕಿ.ಮೀ. ದೂರದಲ್ಲಿ ಚಿತ್ರದುರ್ಗವಿದೆ. ನಾನು ಹುಟ್ಟಿ ಬೆಳೆದ ಊರೆಂಬ ಪಕ್ಷಪಾತವಿದ್ದರೂ ಹೇಳುತ್ತೇನೆ, ಏರು ಇಳಿವುಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ನಮ್ಮ ಸೀಮೆಯಲ್ಲಿಲ್ಲ. ಏಳು ಸುತ್ತಿನ ಕೋಟೆಯ ಮೆಟ್ಟಿಲುಗಳನ್ನು ಓಡಬೇಡಿ, ಅದು ಸಂರಕ್ಷಿತ ಸ್ಮಾರಕ, ಜನರೂ ಇರುತ್ತಾರೆ. ಬಾಗಿಲು ತೆರೆದೊಡನೆ ಹೋಗಿ ಒಂದೂವರೆ ಗಂಟೆ ಎಲ್ಲೂ ಕೂರದೆ ಹತ್ತಿ ಇಳಿಯಿರಿ, ಕೈಯನ್ನು ಮೊಣಕಾಲ ಮೇಲಿಟ್ಟು ದೂಡಿಕೊಂಡು ಹತ್ತುವುದನ್ನು ಕಲಿಯಿರಿ. ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿಗೆ ಹೋಗುವ ರಸ್ತೆ ಇಳಿಜಾರಿನ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಅದು ಕರಡಿ ಚಿರತೆಗಳಿರುವ ಕಾಡು, ಆದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಬೆಳಕು ಹರಿಯುವ ಮುನ್ನ, ಒಬ್ಬೊಬ್ಬರೇ ಹೋಗುವ ಮಾತೇ ಇಲ್ಲ. ಇಳಿಯುವಾಗ ತೊಡೆಯ ಸ್ನಾಯುಗಳು ಎಳೆಸಿಕೊಳ್ಳುತ್ತಲೇ ಬಿಗಿಯಬೇಕಾಗುತ್ತದೆ, ಎರಡು ದಿನ ಮೆಟ್ಟಿಲಿಳಿಯಲಾಗದಂಥ ನೋವು ಬರುವುದು ಅದರಿಂದಲೇ. ಒಮ್ಮೆ ಆ ಪೆಟ್ಟು ತಿಂದ ಸ್ನಾಯು ಮುಂದಿನ ಹಲವು ವಾರ ಅದೇ ಪೆಟ್ಟಿಗೆ ಅಷ್ಟಾಗಿ ನೋಯುವುದಿಲ್ಲ. ಓಟಕ್ಕೆ ಹನ್ನೆರಡು ದಿನ ಮೊದಲು ಕೊನೆಯ ದೊಡ್ಡ ಇಳಿಜಾರನ್ನು ಮುಗಿಸಿಕೊಳ್ಳಿ. ವಾರದ ನಡುವೆ ಬಾತಿ ಗುಡ್ಡ ಅಥವಾ ಕೊಂಡಜ್ಜಿ ಸಾಕು. ಮರಳಿಗೆ, ಬೇಸಿಗೆಯಲ್ಲಿ ಹರಿಹರದ ಬಳಿ ತುಂಗಭದ್ರೆಯ ಪಾತ್ರ ತೆರೆದಾಗ ಹದಿನೈದು ನಿಮಿಷದಿಂದ ಆರಂಭಿಸಿ. ಮರಳು ತೆಗೆದ ಗುಂಡಿಗಳಿರುತ್ತವೆ, ಮೊದಲು ನಡೆದು ನೋಡಿಯೇ ಓಡಬೇಕು.

ಒಂದನ್ನು ಮಾತ್ರ ದುರ್ಗ ಕಲಿಸದು. ನಮ್ಮ ಬಂಡೆ ಒಣಗಿದ್ದು, ಒರಟು, ಶೂ ಕಚ್ಚಿ ಹಿಡಿಯುತ್ತದೆ. ಕರಾವಳಿಯ ಚಿರೇಕಲ್ಲು ತೂತುತೂತಾಗಿದ್ದು, ಅಲೆ ತಾಗುವ ಕಡೆ ಪಾಚಿ ಕಟ್ಟಿರುತ್ತದೆ. ನಾನು ಮೊದಲ ಸಲ ಅಲ್ಲಿ ಓಡಿದಾಗ ‘ದುರ್ಗದವನಿಗೆ ಬಂಡೆಯೇ’ ಎಂಬ ಜಂಬದಲ್ಲಿ ಕಪ್ಪಗೆ ಹೊಳೆಯುತ್ತಿದ್ದ ಕಲ್ಲಿನ ಮೇಲೆ ಕಾಲಿಟ್ಟು ಮೊಣಕೈ ತರಚಿಕೊಂಡೆ. ಆ ಗಾಯದ ಕಲೆ ಇನ್ನೂ ಇದೆ. ಹೊಳೆಯುವ ಕಲ್ಲನ್ನು ಬಿಟ್ಟು ಮಂಕಾದ ಕಲ್ಲಿನ ಮೇಲೆ, ಹಿಮ್ಮಡಿಯಲ್ಲದೆ ಇಡೀ ಪಾದವನ್ನು, ಗಿಡ್ಡ ಹೆಜ್ಜೆಯಲ್ಲಿ ಊರಬೇಕು.

ತೇವದ ಗಾಳಿಯನ್ನು ದಾವಣಗೆರೆಯಲ್ಲಿ ತಯಾರಿಸಲಾಗುವುದಿಲ್ಲ, ಆದರೆ ಶಾಖಕ್ಕೆ ದೇಹವನ್ನು ಒಗ್ಗಿಸಬಹುದು. ಓಟಕ್ಕೆ ಮೊದಲಿನ ಎರಡು ವಾರಗಳಲ್ಲಿ ಏಳರಿಂದ ಹತ್ತು ದಿನ ಬೆಳಗಿನ ಓಟವನ್ನು ಬಿಟ್ಟು ಮಧ್ಯಾಹ್ನ ಮೂರೂವರೆ ನಾಲ್ಕರ ಬಿಸಿಲಿನಲ್ಲಿ ಒಂದು ಗಂಟೆ, ಮಾತನಾಡುತ್ತ ಓಡಬಲ್ಲಷ್ಟು ನಿಧಾನವಾಗಿ, ಜೊತೆಯಲ್ಲೇ ಓಡಿ. ಮೊದಲ ಕೆಲವು ದಿನಗಳಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗಿ ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಬಿಟ್ಟರೆ ಎರಡು ಮೂರು ವಾರಗಳಲ್ಲಿ ಈ ಲಾಭ ಕರಗಿಹೋಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆಯಿರುವ ಸದಸ್ಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಹೀಗೆ ಒಗ್ಗಿದ ಮೇಲೂ ಕರಾವಳಿಯಲ್ಲಿ ವೇಗ ಇಳಿಸಲೇಬೇಕು. ಈ ಸಲ ಟೆಂಪೋ ಟ್ರಾವೆಲರಿನಲ್ಲಿ ರಾತ್ರಿಯೆಲ್ಲ ಘಟ್ಟದ ತಿರುವುಗಳಲ್ಲಿ ಕುಲುಕಿ, ಮೂರು ಗಂಟೆ ನಿದ್ದೆ ಮಾಡಿ ಓಟಕ್ಕೆ ನಿಂತಿರಿ. ಮುಂದಿನ ಸಲ ಒಂದು ಪೂರ್ತಿ ದಿನ ಮೊದಲೇ ಹೋಗಿ.

ನಿಮ್ಮ ಗೆಳೆಯರು ಈಗ ಆರೋಗ್ಯವಾಗಿದ್ದರೂ ಮತ್ತೆ ದೀರ್ಘ ಓಟಕ್ಕೆ ಇಳಿಯುವ ಮೊದಲು ಸೋಡಿಯಂ ಮತ್ತು (ಮೂತ್ರಪಿಂಡದ ಸ್ಥಿತಿ ತಿಳಿಸುವ) ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಲಿ, ನಡೆದದ್ದನ್ನೆಲ್ಲ ವಿವರವಾಗಿ ಹೇಳಲಿ. ಅಲ್ಲಿಂದ ಮುಂದೆ ಜೋಗಿಮಟ್ಟಿಯ ಅಭ್ಯಾಸದ ಓಟಗಳಲ್ಲಿ ಆ ಇಬ್ಬರು ಮಹಿಳೆಯರನ್ನು ಮುಂದೆ ಬಿಡಿ. ಅವರು ನಡೆದ ಕಡೆ ಹದಿನಾಲ್ಕು ಮಂದಿಯೂ ನಡೆಯಲಿ, ಗೋಕರ್ಣದಲ್ಲಿಯೂ ಮೊದಲ ಹದಿನೈದು ಕಿ.ಮೀ.ವರೆಗೆ ಯಾರೂ ಅವರನ್ನು ದಾಟದಿರಲಿ.